ಕೊಳ್ಳಬೇಡಿ ಎಂದವರ ಅಂಗಡಿ

2011ರ ನವೆಂಬರ್ 25ರಂದು ಅಮೆರಿಕದ ಪ್ಯಾಟಗೋನಿಯಾ ಕಂಪನಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ತನ್ನದೇ ಜಾಕೆಟ್‌ನ ಚಿತ್ರ ಹಾಕಿ, ಇದನ್ನು ಕೊಳ್ಳಬೇಡಿ ಎಂದು ಜಾಹೀರಾತು ಕೊಟ್ಟಿತು. ಒಂದು ಜಾಕೆಟ್‌ಗೆ 135 ಲೀಟರ್ ನೀರು ಖರ್ಚಾಗಿದೆ ಎಂಬ ಲೆಕ್ಕವೂ ಅದರಲ್ಲಿತ್ತು. ಆಮೇಲೆ ವ್ಯಾಪಾರ ಕುಗ್ಗಲಿಲ್ಲ, ಬೆಳೆಯಿತು.

ಕಾಂಟ್ 1785ರಲ್ಲೇ ಇಂಥ ಅಂಗಡಿಯವನೊಬ್ಬನನ್ನು ನಮ್ಮ ಮುಂದೆ ನಿಲ್ಲಿಸಿದ್ದ: ಮಗು ಬಂದರೂ ಒಂದೇ ಬೆಲೆ ಹೇಳುವವನು. ಅದು ಪ್ರಾಮಾಣಿಕತೆಯೋ, ಗಿರಾಕಿ ತಪ್ಪಬಾರದೆಂಬ ಜಾಣತನವೋ? ಜಾಣತನವೇ ಎಂದ ಕಾಂಟ್. ನನಗೆ ಈ ಪ್ರಶ್ನೆ ಅಷ್ಟು ಕಾಡುವುದಿಲ್ಲ, ಮಗುವಿಗಂತೂ ಮೋಸವಾಗಲಿಲ್ಲವಲ್ಲ. ಕಾಡುವುದು ಬೇರೆ. ಪೈಪೋಟಿಯಲ್ಲಿ ಮೇಲುಗೈ ಸಿಗಬೇಕಾದರೆ ಉಳಿದವರು ಹಿಂದೆ ಬೀಳಬೇಕು. ನದಿ ಉಳಿಯಬೇಕಾದರೆ ಎಲ್ಲರೂ ಕೊಳೆ ಬಿಡುವುದನ್ನು ನಿಲ್ಲಿಸಬೇಕು. ಹಾಗಿರುವಾಗ ಒಳ್ಳೆಯತನವನ್ನೇ ಬಂಡವಾಳ ಮಾಡಿಕೊಂಡ ಕಂಪನಿ, ಪಕ್ಕದವನೂ ಒಳ್ಳೆಯವನಾಗಲಿ ಎಂದು ಮನಸಾರೆ ಬಯಸೀತೇ?

ಇದೇ ಪ್ಯಾಟಗೋನಿಯಾ, ಅಲೆಯ ಮೇಲೆ ಸರ್ಫಿಂಗ್ ಆಡುವವರ ವೆಟ್‌ಸೂಟ್‌ನಲ್ಲಿ ನಿಯೋಪ್ರೀನ್ ಕಡಿಮೆ ಮಾಡಿ ಗಿಡದ ರಬ್ಬರ್ ಬಳಸಿತು. 2014ರಲ್ಲಿ ಅದನ್ನು ಎದುರಾಳಿ ಕಂಪನಿಗಳೂ ಬಳಸಲಿ ಎಂದು ಬಿಟ್ಟುಕೊಟ್ಟಿತು. ಹೆಚ್ಚು ಜನ ಕೊಂಡರೆ ರಬ್ಬರ್ ಅಗ್ಗವಾದೀತು ಎಂಬ ಲೆಕ್ಕವೂ ಅಲ್ಲಿತ್ತು. ಇರಲಿ. ಆ ಲೆಕ್ಕ ಕೂಡಿಬರಲು ಉಳಿದವರು ಸೋಲಬೇಕಿರಲಿಲ್ಲ.