ತೆರೆ ಕಾಣದ ಚಿತ್ರದ ಋಣ

ದೇಶ ಇಬ್ಭಾಗವಾದ ಮೇಲಿನ ವರ್ಷಗಳಲ್ಲಿ ಕಲ್ಕತ್ತೆಯ ಸಿಯಾಲ್ದಾ ನಿಲ್ದಾಣಕ್ಕೆ ಪೂರ್ವ ಬಂಗಾಳದಿಂದ ಊರಿಗೆ ಊರೇ ಬಂದು ಇಳಿಯಿತು. ಸಂಸಾರಗಳು ಪ್ಲಾಟ್‌ಫಾರ್ಮಿನ ಮೇಲೆಯೇ ಒಲೆ ಹೂಡಿದವು. ಮುಂದೆಲ್ಲಿಗೆ ಎಂದು ತಿಳಿಯದೆ ಜನ ತಿಂಗಳುಗಟ್ಟಲೆ ಅಲ್ಲೇ ಬಿದ್ದಿದ್ದರು. ನಿರ್ದೇಶಕ ನಿಮಾಯ್ ಘೋಷ್ ಕ್ಯಾಮೆರಾ ಹಿಡಿದು ಆ ಗುಂಪಿನೊಳಕ್ಕೆ ಹೋದರು. ಅವರ ‘ಛಿನ್ನಮೂಲ್’ (1950) ಚಿತ್ರದ ನಿಲ್ದಾಣದ ದೃಶ್ಯಗಳಲ್ಲಿ ಕಾಣುವ ಮುಖಗಳಲ್ಲಿ ಎಷ್ಟೋ ನಟರದಲ್ಲ, ನಿರಾಶ್ರಿತರದೇ. ಇನ್ನೂ ಇಪ್ಪತ್ತರ ಹರೆಯದಲ್ಲಿದ್ದ ಋತ್ವಿಕ್ ಘಟಕ್ ಅದರಲ್ಲಿ ನಟಿಸಿದರು, ನಿರ್ದೇಶನಕ್ಕೂ ಕೈಜೋಡಿಸಿದರು.

ಚಿತ್ರ ಓಡಲಿಲ್ಲ. ಕಲ್ಕತ್ತೆಗೆ ಬಂದಿದ್ದ ರಷ್ಯದ ನಿರ್ದೇಶಕ ಪುಡೋವ್ಕಿನ್ ಅದನ್ನು ಮೆಚ್ಚಿ ಸೋವಿಯತ್ ದೇಶದಲ್ಲಿ ತೋರಿಸಲು ನೆರವಾದರು. ತನ್ನೂರಿನಲ್ಲೇ ಜಾಗ ಸಿಗದ ಚಿತ್ರಕ್ಕೆ ದೂರದ ಜನ ಜಾಗ ಕೊಟ್ಟರು. ಘೋಷ್ ಕೊನೆಗೆ ಮದರಾಸು ಸೇರಿ ಛಾಯಾಗ್ರಾಹಕರಾಗಿ ಬದುಕು ಕಟ್ಟಿಕೊಂಡರು. ಅವರು ಛಾಯಾಗ್ರಹಣ ಮಾಡಿದ, ಜಿ.ವಿ. ಅಯ್ಯರ್ ಅವರ ‘ಹಂಸಗೀತೆ’ಯನ್ನು (1975) ನೋಡಿದ ಕನ್ನಡಿಗರು, ತಿಳಿದೋ ತಿಳಿಯದೆಯೋ, ಸಿಯಾಲ್ದಾದ ಆ ಕಣ್ಣಿನಿಂದಲೇ ಚಿತ್ರದುರ್ಗದ ಬಂಡೆಗಳನ್ನು ನೋಡಿದ್ದಾರೆ.

ಪ್ಲಾಟ್‌ಫಾರ್ಮಿನ ಮೇಲೆ ಕುಳಿತಿದ್ದ ಆ ತಾಯಂದಿರು ತಮ್ಮ ಮುಖವನ್ನು ಕ್ಯಾಮೆರಾಕ್ಕೆ ಕೊಟ್ಟರಲ್ಲ, ಅದಕ್ಕೆ ಬದಲಾಗಿ ಅವರಿಗೆ ಸಲ್ಲಬೇಕಾದದ್ದು ಏನು? ಸ್ವತಂತ್ರ ಚಿತ್ರಗಳ, ಅದರಲ್ಲೂ ಕಿರುಚಿತ್ರಗಳ ವಿತರಣೆಯ ಮಾತು ಬಂದಾಗ ಎಲ್ಲರೂ ಮಾರುಕಟ್ಟೆಯ ಲೆಕ್ಕ ಹಾಕುತ್ತಾರೆ. ಆ ಲೆಕ್ಕಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು.

ಇವತ್ತು ಸಿಯಾಲ್ದಾದಲ್ಲಿ ದಿನಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಹತ್ತಿಳಿಯುತ್ತಾರೆ. ಬಂಗಾಳಿ ಚಿತ್ರಗಳನ್ನು ಬಿಡದೆ ತೋರಿಸಿಕೊಂಡು ಬಂದ ‘ಪ್ರಾಚೀ’ ಚಿತ್ರಮಂದಿರ ನಿಲ್ದಾಣದಿಂದ ಕೂಗಳತೆಯಲ್ಲಿದೆ. 1995ರಲ್ಲಿ ಶುರುವಾದ ಸತ್ಯಜಿತ್ ರೇ ಫಿಲ್ಮ್ ಇನ್‌ಸ್ಟಿಟ್ಯೂಟ್ ಕೂಡ ಇದೇ ನಗರದಲ್ಲಿದೆ, ಅಲ್ಲಿನ ವಿದ್ಯಾರ್ಥಿಗಳು ವರ್ಷವರ್ಷವೂ ಕಿರುಚಿತ್ರ ಮಾಡುತ್ತಾರೆ. ಜನ ಇದ್ದಾರೆ, ಮಂದಿರ ಇದೆ, ಚಿತ್ರಗಳೂ ಇವೆ. ಇವು ಒಂದನ್ನೊಂದು ಸಂಧಿಸುವ ದಾರಿಯೇ ಇಲ್ಲ. ಹದಿನೈದು ನಿಮಿಷದ ಚಿತ್ರಕ್ಕೆ ಟಿಕೆಟ್ ಹರಿಯುವ ಪದ್ಧತಿ ನಮ್ಮಲ್ಲಿ ಬೆಳೆಯಲಿಲ್ಲ. 1948ರಲ್ಲಿ ಹುಟ್ಟಿದ ಫಿಲ್ಮ್ಸ್ ಡಿವಿಷನ್ನಿನ ಚಿತ್ರಗಳನ್ನು ಮುಖ್ಯ ಚಿತ್ರಕ್ಕೆ ಮೊದಲು ತೋರಿಸಲೇಬೇಕೆಂಬ ಕಟ್ಟಳೆ ದಶಕಗಳ ಕಾಲ ಇತ್ತು. ಆದರೆ ಆ ಬಾಗಿಲು ಬಹುಮಟ್ಟಿಗೆ ತೆರೆದದ್ದು ಸರ್ಕಾರದ ಚಿತ್ರಗಳಿಗೆ. ಉಳಿದವರಿಗೆ ಚಿತ್ರೋತ್ಸವವೇ ಗತಿ.

ಚಿತ್ರೋತ್ಸವವೂ ಸುಲಭದ ದಾರಿಯಲ್ಲ. ಹಲವೆಡೆ ಪ್ರವೇಶಶುಲ್ಕ ಕಟ್ಟಬೇಕು, ಮೊದಲ ಪ್ರದರ್ಶನ ತಮ್ಮಲ್ಲೇ ಆಗಬೇಕೆಂದು ಕೆಲವರು ಕೇಳುತ್ತಾರೆ, ಅಂತರ್ಜಾಲಕ್ಕೆ ಏರಿಸಿದರೆ ಅರ್ಹತೆ ಹೋಗುವುದೂ ಉಂಟು. ಹೀಗಾಗಿ ಎಷ್ಟೋ ಚಿತ್ರಗಳು, ಅವು ಯಾರ ಬದುಕನ್ನು ಕುರಿತು ಮಾಡಿದವೋ ಆ ಜನರನ್ನೇ ಬಿಟ್ಟು, ಒಂದೆರಡು ವರ್ಷ ದೂರದ ತೀರ್ಪುಗಾರರಿಗಾಗಿ ಕಾಯುತ್ತವೆ. ಮೈಸೂರಿನ ಚಿದಾನಂದ ಎಸ್. ನಾಯ್ಕ್ ಅವರ ಹದಿನಾರು ನಿಮಿಷದ ಕನ್ನಡ ಚಿತ್ರ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ 2024ರಲ್ಲಿ ಕಾನ್ ಚಿತ್ರೋತ್ಸವದ ಲಾ ಸಿನೆಫ್ ವಿಭಾಗದ ಮೊದಲ ಬಹುಮಾನ ಗೆದ್ದಿತು. ಕೋಳಿ ಕದ್ದೊಯ್ದ ಅಜ್ಜಿಯ ಆ ಕಥೆ ನಮ್ಮ ಜನಪದದ್ದೇ. ಸುದ್ದಿಯನ್ನು ನಾಡೆಲ್ಲ ಓದಿತು; ಕನ್ನಡದ ಹಳ್ಳಿಯೊಂದು ಆ ಚಿತ್ರವನ್ನು ಒಟ್ಟಿಗೆ ಕುಳಿತು ನೋಡುವಂಥ ಏರ್ಪಾಡು ಮಾತ್ರ ನಮ್ಮಲ್ಲಿಲ್ಲ.

ಇಂಥ ಹೊತ್ತಿನಲ್ಲಿ ಸಮಾಧಾನ ಹೇಳುವವರು ಗೀತೆಯನ್ನು ತರುತ್ತಾರೆ. ಕೆಲಸ ನಿನ್ನದು, ಫಲದ ಚಿಂತೆ ಬೇಡ, ಚಿತ್ರ ಮಾಡಿದೆಯಲ್ಲ ಸಾಕು ಎನ್ನುತ್ತಾರೆ. ಆದರೆ ಎರಡನೆಯ ಅಧ್ಯಾಯದ 47ನೇ ಶ್ಲೋಕ ಅಲ್ಲಿಗೇ ನಿಲ್ಲುವುದಿಲ್ಲ. ಕರ್ಮ ಮಾಡದೆ ಇರುವುದರಲ್ಲಿಯೂ ನಿನಗೆ ನಂಟು ಬೇಡ ಎಂದು ಅದೇ ಶ್ಲೋಕದ ಕೊನೆಯಲ್ಲಿ ಕೃಷ್ಣ ಹೇಳುತ್ತಾನೆ. ಹಾಗಾದರೆ ಕರ್ಮ ಮುಗಿಯುವುದು ಎಲ್ಲಿ? ಸಂಕಲನದ ಮೇಜಿನ ಮೇಲೆ ಮುಗಿಯುತ್ತದೆ ಎನ್ನುವವರಿಗೆ ನೋಡುಗರೂ ಫಲವಾಗಿ ಕಾಣುತ್ತಾರೆ. ಹಣ, ಹೆಸರು, ಬಹುಮಾನ ಇವು ಫಲ ಎನ್ನುವುದು ಸರಿ. ಆದರೆ ತೋರಿಸುವುದು ಫಲವಲ್ಲ, ಅದು ಕೆಲಸದ್ದೇ ಉಳಿದ ಅರ್ಧ. ಅದನ್ನು ಬಿಟ್ಟು ನಿಷ್ಕಾಮ ಎಂದರೆ ಅರ್ಧ ಕೆಲಸಕ್ಕೆ ದೊಡ್ಡ ಹೆಸರು ಇಟ್ಟಂತಾಗುತ್ತದೆ.

ಕಾಶ್ಮೀರದ ಅಭಿನವಗುಪ್ತ ಸಾವಿರ ವರ್ಷದ ಹಿಂದೆಯೇ ಇದನ್ನು ಖಚಿತವಾಗಿ ಕಂಡಿದ್ದ. ‘ಧ್ವನ್ಯಾಲೋಕ’ ಎಂಬ ಕಾವ್ಯಮೀಮಾಂಸೆಯ ಗ್ರಂಥಕ್ಕೆ ಬರೆದ ‘ಲೋಚನ’ ವ್ಯಾಖ್ಯಾನದ ಮೊದಲಲ್ಲೇ ಅವನು ಸರಸ್ವತಿಯ ತತ್ತ್ವವನ್ನು ಕವಿ ಮತ್ತು ಸಹೃದಯ ಎಂದು ಇಬ್ಬರನ್ನೂ ಕೂಡಿಸಿ ಕರೆಯುತ್ತಾನೆ. ಅವನ ಪ್ರಕಾರ ರಸ ನೋಡುವವನ ಅನುಭವದಲ್ಲಿ ಇರುವಂಥದು, ತಾಳೆಗರಿಯ ಮೇಲಲ್ಲ. ಆ ಮಾತನ್ನು ಒಪ್ಪಿದರೆ ಡಬ್ಬಿಯಲ್ಲಿ ಉಳಿದ ಚಿತ್ರ ಇನ್ನೂ ಆಗಿಯೇ ಇಲ್ಲ.

ಘಟಕ್ ಅವರ ಬದುಕು ಇದನ್ನು ಕ್ರೂರವಾಗಿ ತೋರಿಸಿಕೊಟ್ಟಿತು. ಅವರ ಮೊದಲ ಚಿತ್ರ ‘ನಾಗರಿಕ್’ ಮುಗಿದದ್ದು 1950ರ ದಶಕದ ಆರಂಭದಲ್ಲಿ, ಸತ್ಯಜಿತ್ ರೇ ಅವರ ‘ಪಥೇರ್ ಪಾಂಚಾಲಿ’ಗಿಂತ (1955) ಮೊದಲೇ. ತೆರೆ ಕಂಡದ್ದು 1977ರ ಸೆಪ್ಟೆಂಬರಿನಲ್ಲಿ. ಘಟಕ್ 1976ರ ಫೆಬ್ರವರಿಯಲ್ಲೇ ತೀರಿಕೊಂಡಿದ್ದರು. ಕೆಲಸ ಹುಡುಕುತ್ತ ಸೋಲುವ ಕಲ್ಕತ್ತೆಯ ಮಧ್ಯಮವರ್ಗದ ಹುಡುಗನ ಕಥೆ ಅದು. ಆ ದಶಕದ ನಿರುದ್ಯೋಗಿಗಳು ತಮ್ಮನ್ನು ತಾವು ತೆರೆಯ ಮೇಲೆ ನೋಡಬೇಕಾಗಿದ್ದಾಗ ಚಿತ್ರ ಅವರಿಗೆ ಸಿಗಲಿಲ್ಲ. ಕಾಲು ಶತಮಾನದ ನಂತರ ವಿಮರ್ಶಕರಿಗೆ ಸಿಕ್ಕಿತು. ನಷ್ಟ ಘಟಕ್ ಒಬ್ಬರದಲ್ಲ, ಆ ಪೀಳಿಗೆಯದು.

ಸಿಯಾಲ್ದಾದ ಆ ತಾಯಂದಿರ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಇನ್ನೊಬ್ಬರ ಸಂಕಟವನ್ನು ಚಿತ್ರಿಸಿಕೊಂಡವನು ಸಾಲ ತಂದಿದ್ದಾನೆ. ದೇವಋಣ, ಪಿತೃಋಣಗಳ ಹಾಗೆ ಇದೂ ಋಣವೇ. ಬಹುಮಾನದ ಫಲಕದಿಂದ ಅದು ತೀರುವುದಿಲ್ಲ. ಆ ಸಂಕಟ ಬೇರೆಯವರ ಎದೆಗೆ ಮುಟ್ಟಿದಾಗ ಮಾತ್ರ ತೀರುತ್ತದೆ. ಬಸವಣ್ಣನ ಕಾಲದ ಶರಣರು ಕಾಯಕವನ್ನು ದಾಸೋಹದಿಂದ ಬೇರೆ ಮಾಡಲಿಲ್ಲ. ದುಡಿದದ್ದನ್ನು ಹಂಚುವವರೆಗೆ ದುಡಿಮೆ ಪೂರ್ತಿಯಲ್ಲ ಎಂದೇ ಅವರು ಬದುಕಿದರು.

ಹಂಚುವುದಕ್ಕೂ ಹಣ ಬೇಕಲ್ಲ ಎಂಬ ಮಾತು ನ್ಯಾಯವಾದದ್ದು. ಸತ್ಯಜಿತ್ ರೇ ಅವರ ಮಾತಿಲ್ಲದ ಕಿರುಚಿತ್ರ ‘ಟು’ (1964) ಅಮೆರಿಕದ ಟೆಲಿವಿಷನ್ನಿಗಾಗಿ ಎಸ್ಸೋ ತೈಲ ಕಂಪನಿಯ ನೆರವಿನಿಂದ ಆದದ್ದು. ಸುಜಯ್ ಘೋಷ್ ಅವರ ಬಂಗಾಳಿ ‘ಅಹಲ್ಯಾ’ (2015) ಮದ್ಯದ ಬ್ರಾಂಡೊಂದರ ಹೆಸರಿನ ಯೂಟ್ಯೂಬ್ ಚಾನೆಲ್‌ನಲ್ಲಿ ಬಂದು ಲಕ್ಷಾಂತರ ಜನರನ್ನು ತಲುಪಿತು. ಎರಡೂ ಒಳ್ಳೆಯ ಚಿತ್ರಗಳು, ಕಂಪನಿಯ ದುಡ್ಡು ಅವುಗಳ ಕಸುವನ್ನು ಕಸಿಯಲಿಲ್ಲ. ಆದರೆ ಸಿಯಾಲ್ದಾದ ಕೂಲಿಯ ಕಥೆಗೆ ಅಂಥ ಯಜಮಾನ ಸಿಗುವುದು ಅಪರೂಪ, ಸಿಕ್ಕರೂ ಅವನು ಯಾವ ಮಾತನ್ನು ಬಿಡಲು ಹೇಳುತ್ತಾನೋ.

ಬೇರೆ ದಾರಿಯನ್ನು ನಡೆದು ತೋರಿಸಿದವರಿದ್ದಾರೆ. ಕೇರಳದಲ್ಲಿ ಜಾನ್ ಅಬ್ರಹಾಂ ಮತ್ತು ಗೆಳೆಯರು 1984ರಲ್ಲಿ ಒಡೆಸ್ಸಾ ಕಲೆಕ್ಟಿವ್ ಕಟ್ಟಿ, ಊರೂರಲ್ಲಿ ಚಾಪ್ಲಿನ್‌ನ ‘ದ ಕಿಡ್’ ತೋರಿಸಿ ಜನರಿಂದ ಚಂದಾ ಎತ್ತಿ, ‘ಅಮ್ಮ ಅರಿಯಾನ್’ (1986) ಮಾಡಿದರು. ಕೊಟ್ಟ ಜನರ ಬಳಿಗೇ ಚಿತ್ರ ಹಿಂದಿರುಗಿತು. ಕಲ್ಕತ್ತೆಯಲ್ಲಿ 2013ರಲ್ಲಿ ಹುಟ್ಟಿದ ಪೀಪಲ್ಸ್ ಫಿಲ್ಮ್ ಕಲೆಕ್ಟಿವ್ ಪ್ರಾಯೋಜಕರಿಲ್ಲದೆ, ಜನರ ದುಡ್ಡಿನಿಂದಲೇ ಚಿತ್ರೋತ್ಸವ ನಡೆಸುತ್ತಿದೆ, ಹಳ್ಳಿಗಳಿಗೂ ಚಿತ್ರ ಒಯ್ಯುತ್ತದೆ. ಸೆನ್ಸಾರ್ ಪತ್ರವಿಲ್ಲದ ಚಿತ್ರಗಳನ್ನು ಮುಂಬೈ ಚಿತ್ರೋತ್ಸವದ ಹೊರಗೇ 2004ರಲ್ಲಿ ಜನರಿಗೆ ತೋರಿಸಿದ ‘ವಿಕಲ್ಪ’ದವರು ಇದೇ ಸಾಲಿನವರು.

ಕನ್ನಡಿಗರಿಗೆ ಇದು ಹೊಸತೇನಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ 1970ರ ದಶಕದಲ್ಲಿ ನೀನಾಸಮ್ ಚಿತ್ರಸಮಾಜ ಕಟ್ಟಿದಾಗ, ಅಡಿಕೆ ತೋಟದ ಜನ ‘ರಾಶೋಮನ್’, ‘ಬೈಸಿಕಲ್ ಥೀವ್ಸ್’ ನೋಡಿದರು. ಅವರಿಗೆ ಅರ್ಥವಾಗುವುದಿಲ್ಲ ಎಂಬ ಪಟ್ಟಣದ ಅನುಮಾನವನ್ನು ಆ ಜನರೇ ಸುಳ್ಳು ಮಾಡಿದರು. ನೋಡುಗರು ಇಲ್ಲ ಎನ್ನುವ ವಿತರಕರ ಮಾತಿಗೆ ಹೆಗ್ಗೋಡಿಗಿಂತ ದೊಡ್ಡ ಉತ್ತರ ಬೇಕಿಲ್ಲ.

ಚಿತ್ರ ಮಾಡುವವರು ಖರ್ಚಿನ ಪಟ್ಟಿ ಬರೆಯುವಾಗಲೇ ತೋರಿಸುವ ಖರ್ಚಿಗೂ ಒಂದು ಸಾಲು ಬಿಡಲಿ, ಚಿತ್ರೋತ್ಸವದ ಅರ್ಜಿಗೆ ಮೊದಲು ಚಿತ್ರದಲ್ಲಿರುವವರ ಬೀದಿಯಲ್ಲಿ ಒಂದು ಸಂಜೆ ಅದನ್ನು ತೋರಿಸಲಿ. ಓದುಗರಲ್ಲಿ ಕೇಳಿಕೊಳ್ಳುವುದೂ ಇಷ್ಟೇ: ನಿಮ್ಮೂರಿನ ಗ್ರಂಥಾಲಯ, ಕಾಲೇಜು, ಸಂಘದ ಸಭಾಂಗಣ, ಯಾವುದಾದರೂ ಒಂದನ್ನು ತಿಂಗಳಿಗೊಂದು ಸಂಜೆ ಕಿರುಚಿತ್ರಗಳಿಗೆ ಬಿಡಿಸಿಕೊಡಿ, ಐವತ್ತು ರೂಪಾಯಿ ಚಂದಾ ಹಾಕಿ, ಅಕ್ಕಪಕ್ಕದ ನಾಲ್ಕು ಜನರನ್ನು ಕರೆದುಕೊಂಡು ಹೋಗಿ ಕುಳಿತುಕೊಳ್ಳಿ.