ಗೆಲುವಿನ ಕರ್ತೃ ಯಾರು?

2019ರ ಮಾರ್ಚ್ 17ರಂದು ಮುಂಬೈಯಲ್ಲಿ ನಡೆದ ಇಂಡಿಯನ್ ಸೂಪರ್ ಲೀಗ್ ಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿ ಒಂದೇ ಗೋಲಿನಿಂದ ಎಫ್‌ಸಿ ಗೋವಾವನ್ನು ಸೋಲಿಸಿತು. ಕರ್ನಾಟಕದ ಕ್ಲಬ್ಬೊಂದು ಆ ಲೀಗನ್ನು ಗೆದ್ದದ್ದು ಅದೇ ಮೊದಲು. ತಂಡದ ಮುಖ್ಯ ಕೋಚ್ ಆಗಿದ್ದವರು ಬಾರ್ಸಿಲೋನಾದ ಕಾರ್ಲೆಸ್ ಕ್ವಾದ್ರತ್. ಎರಡು ವರ್ಷ ತುಂಬುವ ಮೊದಲೇ, 2021ರ ಜನವರಿಯಲ್ಲಿ, ಸತತ ಮೂರು ಸೋಲುಗಳ ಬೆನ್ನಿಗೆ ಕ್ಲಬ್ ಅವರನ್ನು ಬಿಟ್ಟುಕೊಟ್ಟಿತು. 2023ರಲ್ಲಿ ಅವರು ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದರು. 2024ರ ಜನವರಿ 28ರಂದು ಭುವನೇಶ್ವರದಲ್ಲಿ ಆ ತಂಡ ಒಡಿಶಾ ಎಫ್‌ಸಿಯನ್ನು 3-2ರಿಂದ ಮಣಿಸಿ ಸೂಪರ್ ಕಪ್ ಎತ್ತಿತು. 2012ರ ಫೆಡರೇಷನ್ ಕಪ್ ನಂತರ ಈಸ್ಟ್ ಬೆಂಗಾಲ್‌ಗೆ ದಕ್ಕಿದ ಮೊದಲ ರಾಷ್ಟ್ರೀಯ ಪ್ರಶಸ್ತಿ ಅದು. ಅದೇ ವರ್ಷದ ಸೆಪ್ಟೆಂಬರ್ ಕೊನೆಗೆ, ಹೊಸ ಸಾಲಿನ ಲೀಗಿನ ಮೊದಲ ಮೂರೂ ಪಂದ್ಯ ಸೋತು ಕ್ವಾದ್ರತ್ ಹುದ್ದೆ ತೊರೆದರು. ಆ ಮೂರರಲ್ಲಿ ಮೊದಲನೆಯದು ಕಂಠೀರವ ಕ್ರೀಡಾಂಗಣದಲ್ಲಿ, ಅವರದೇ ಹಳೆಯ ತಂಡದ ಎದುರು ಕಂಡ ಸೋಲು.

ಈ ಆರು ವರ್ಷಗಳಲ್ಲಿ ಬೆಂಗಳೂರಿನ ಅಭಿಮಾನಿಯೊಬ್ಬ ಈ ಮನುಷ್ಯನ ಬಗ್ಗೆ ಎಷ್ಟು ತೀರ್ಪು ಕೊಡಬಹುದಿತ್ತೆಂದು ಯೋಚಿಸಿ. 2019ರಲ್ಲಿ ಆತ ನಿಪುಣ. 2021ರಲ್ಲಿ, ಹಿಂದಿನ ಕೋಚ್ ಆಲ್ಬರ್ಟ್ ರೋಕಾ ಕಟ್ಟಿಟ್ಟ ತಂಡದ ಮೇಲೆ ಹೆಸರು ಮಾಡಿದವನು. 2024ರ ಜನವರಿಯಲ್ಲಿ, ನಾವು ಅವಸರಪಟ್ಟು ಕಳೆದುಕೊಂಡ ನಿಪುಣ. ಸೆಪ್ಟೆಂಬರ್‌ನಲ್ಲಿ, ಬಿಟ್ಟದ್ದೇ ಒಳ್ಳೆಯದಾಯಿತು ಎನಿಸಿಕೊಂಡವನು. ಇಷ್ಟು ತೀರ್ಪುಗಳ ನಡುವೆ 2019ರ ಫೈನಲ್ ಒಂದಿಷ್ಟೂ ಬದಲಾಗಲಿಲ್ಲ. ಆ ರಾತ್ರಿ ಆದದ್ದು ಆಗಿಯೇ ಹೋಗಿತ್ತು. ಆದರೂ ಪ್ರತಿಯೊಂದು ಹೊಸ ಫಲಿತಾಂಶ ಬಂದಾಗಲೂ ಆ ಹಳೆಯ ಗೆಲುವಿನ ಯಜಮಾನಿಕೆಯನ್ನು ಒಮ್ಮೆ ಅವರಿಗೆ ಕೊಟ್ಟೆವು, ಒಮ್ಮೆ ಕಿತ್ತುಕೊಂಡೆವು. ಇದು ಬರಿಯ ಆಟದ ಚರ್ಚೆಯಲ್ಲ. ಒಂದು ಕೆಲಸದ ಫಲ ಯಾರದು, ಫಲವನ್ನು ನೋಡಿ ಮನುಷ್ಯನ ಯೋಗ್ಯತೆಯನ್ನು ಅಳೆಯಬಹುದೇ ಎಂಬ ಬಹಳ ಹಳೆಯ ಪ್ರಶ್ನೆ ಇದರೊಳಗಿದೆ.

ಈ ಪ್ರಶ್ನೆಯನ್ನು ಕನ್ನಡದಲ್ಲಿ ಜೀವನಪೂರ್ತಿ ಕೈಬಿಡದೆ ಹಿಡಿದವರು ನಮ್ಮ ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು. ವಿಧಿ ಎಷ್ಟು, ಪುರುಷಪ್ರಯತ್ನ ಎಷ್ಟು ಎಂಬ ವಿಚಾರ ಅವರ ಕಗ್ಗದಲ್ಲಿ ಮತ್ತೆ ಮತ್ತೆ ತಲೆಯೆತ್ತುತ್ತದೆ. 1967ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಅವರ 'ಜೀವನಧರ್ಮಯೋಗ' ಭಗವದ್ಗೀತೆಯನ್ನು ಸಂಸಾರಿಗಳ ಬದುಕಿಗೆ ಹತ್ತಿರ ತಂದ ಗ್ರಂಥ. ಅದೇ ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ನಮ್ಮ ಪ್ರಶ್ನೆಗೆ ನೇರವಾದ ಉತ್ತರವಿದೆ. ಯಾವ ಕರ್ಮವೇ ಆಗಲಿ, ಅದು ನಡೆಯಲು ಐದು ಕಾರಣಗಳು ಕೂಡಬೇಕು ಎನ್ನುತ್ತದೆ ಗೀತೆ: ಕೆಲಸಕ್ಕೆ ನೆಲೆಯಾದ ಅಧಿಷ್ಠಾನ, ಮಾಡುವ ಕರ್ತೃ, ಬಗೆಬಗೆಯ ಕರಣಗಳು, ಬೇರೆಬೇರೆ ಚೇಷ್ಟೆಗಳು, ಐದನೆಯದಾಗಿ ದೈವ. ಹೀಗಿರುವಾಗ ಕೇವಲ ತಾನೇ ಕರ್ತೃವೆಂದು ಕಾಣುವವನು ಸರಿಯಾಗಿ ಕಾಣುತ್ತಿಲ್ಲ ಎಂದೂ ಅದು ಹೇಳುತ್ತದೆ. ಶಂಕರರು ಅಧಿಷ್ಠಾನ ಎಂಬುದಕ್ಕೆ ಶರೀರ ಎಂದು ಅರ್ಥ ಮಾಡಿದ್ದಾರೆ. ಹನ್ನೊಂದು ಜನ ಕೂಡಿ ಆಡುವ ಆಟಕ್ಕೆ ಈ ವಿಚಾರವನ್ನು ಹಿಗ್ಗಿಸಿದರೆ ಅಧಿಷ್ಠಾನವೆಂದರೆ ಕ್ಲಬ್ ಎಂದುಕೊಳ್ಳಬಹುದು. ಆಗ ಆ ಒಂದು ಗೋಲನ್ನೇ ಬಿಡಿಸಿ ನೋಡಲು ದಾರಿಯಾಗುತ್ತದೆ. 2013ರಿಂದ ಬೆಳೆದು ಬಂದ ಕ್ಲಬ್ಬಿನ ಶಿಸ್ತು, ಹಿಂದಿನ ಸಾಲಿನಲ್ಲಿ ಲೀಗಿನ ಮೊದಲ ಸ್ಥಾನ ಗಳಿಸಿದ್ದ ರೋಕಾರ ತಂಡ ಇವು ನೆಲೆ. ಕಾರ್ನರ್ ಒದ್ದ ದಿಮಾಸ್ ದೆಲ್ಗಾಡೊ, ತಲೆಯೊಡ್ಡಿದ ರಾಹುಲ್ ಭೇಕೆ ಕರಣಗಳು. ಕಾರ್ನರ್, ಫ್ರೀಕಿಕ್‌ಗಳನ್ನು ಗೋಲಾಗಿಸುವ ಅಭ್ಯಾಸ ಚೇಷ್ಟೆ. ಅದು ಹೀಗೆಯೇ ನಡೆಯಬೇಕೆಂದು ಯೋಜಿಸಿದ ಕ್ವಾದ್ರತ್ ಕರ್ತೃ. ಹೆಚ್ಚುವರಿ ಅವಧಿಯಲ್ಲಿ ಗೋವಾದ ಅಹ್ಮದ್ ಜಾಹೂ ಕೆಂಪು ಕಾರ್ಡ್ ಪಡೆದು ಎದುರಾಳಿ ಹತ್ತು ಮಂದಿಗೆ ಇಳಿದದ್ದು ಯಾರ ಯೋಜನೆಯೂ ಅಲ್ಲ. ಅದನ್ನು ಐದನೆಯ ಕಾರಣಕ್ಕೆ ಸೇರಿಸಬೇಕು.

ಇಲ್ಲೊಂದು ಆಕ್ಷೇಪ ಏಳುತ್ತದೆ. ಗೀತೆಯ ಉಪದೇಶ ಅರ್ಜುನನ ಅಹಂಕಾರವನ್ನು ಕಳೆಯಲು ಹೇಳಿದ್ದು. ನಾನು ಮಾಡಿದೆ ಎಂಬ ಹೆಮ್ಮೆಗೆ ಅದು ಮದ್ದೇ ಹೊರತು, ಬೇರೆಯವರ ಕೆಲಸವನ್ನು ತೂಗುವ ತಕ್ಕಡಿಯಲ್ಲ ಎಂದು ಯಾರಾದರೂ ಹೇಳಬಹುದು. ಉಪದೇಶದ ಗುರಿಯ ಬಗ್ಗೆ ಈ ಮಾತು ನಿಜ. ಆದರೆ ಅಲ್ಲಿ ಹೇಳಿರುವುದು ಬರಿಯ ಮನೋನಿಗ್ರಹದ ಉಪಾಯವಲ್ಲ, ಕರ್ಮ ಹೇಗೆ ನಡೆಯುತ್ತದೆ ಎಂಬ ಸತ್ಯದ ವಿವರಣೆ. ನನ್ನ ಕೆಲಸದಲ್ಲಿ ನಾನೊಬ್ಬನೇ ಕರ್ತೃ ಎನ್ನುವುದು ಸುಳ್ಳಾದರೆ, ಇನ್ನೊಬ್ಬನ ಕೆಲಸದಲ್ಲಿ ಅವನೊಬ್ಬನೇ ಕರ್ತೃ ಎನ್ನುವುದೂ ಅಷ್ಟೇ ಸುಳ್ಳು. ನನಗೆ ಬೇಡವೆಂದ ಅಹಂಕಾರವನ್ನು ಇನ್ನೊಬ್ಬನ ತಲೆಗೆ ಕಟ್ಟಿ, ಗೆದ್ದಾಗ ಹಾರ ಹಾಕಿ ಸೋತಾಗ ಕಲ್ಲೆಸೆಯುವುದು ಅದೇ ಅಜ್ಞಾನದ ಇನ್ನೊಂದು ಮುಖ.

ಇದು ಶಾಸ್ತ್ರದ ಮಾತಾಯಿತು, ಮೈದಾನದ ಸಾಕ್ಷ್ಯವೇನು? ಈಸ್ಟ್ ಬೆಂಗಾಲ್ 2020ರಲ್ಲಿ ಸೂಪರ್ ಲೀಗ್ ಸೇರಿದ ಮೇಲೆ ಮೊದಲ ಐದು ಸಾಲುಗಳಲ್ಲಿ ಅದು ಗಳಿಸಿದ ಸ್ಥಾನಗಳು ಕ್ರಮವಾಗಿ 9, 11, 9, 9, 9. ಲಿವರ್‌ಪೂಲ್‌ನಲ್ಲಿ ಹೆಸರಾದ ರಾಬಿ ಫೌಲರ್ ಬಂದಾಗಲೂ, ಭಾರತ ತಂಡಕ್ಕೆ ಕೋಚ್ ಆಗಿದ್ದ ಸ್ಟೀಫನ್ ಕಾನ್‌ಸ್ಟಂಟೈನ್ ಬಂದಾಗಲೂ, ಕ್ವಾದ್ರತ್ ಬಂದಾಗಲೂ, ಅವರು ಹೋಗಿ ಆಸ್ಕರ್ ಬ್ರೂಝೋನ್ ಬಂದಾಗಲೂ ತಂಡ ಒಂಬತ್ತರ ಗಡಿ ದಾಟಲಿಲ್ಲ. ಕರ್ತೃ ಬದಲಾಗುತ್ತ ಹೋದರೂ ಫಲ ನಿಂತಲ್ಲೇ ನಿಂತಿತು ಎಂದರೆ ಉಳಿದ ಕಾರಣಗಳ ತೂಕ ಎಷ್ಟಿರಬೇಕು! ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಮನೋಲೊ ಮಾರ್ಕೆಜ್ ಅವರದು. 2022ರಲ್ಲಿ ಹೈದರಾಬಾದಿಗೆ ಲೀಗ್ ಗೆದ್ದುಕೊಟ್ಟ ಇವರು 2024-25ರಲ್ಲಿ ಏಕಕಾಲಕ್ಕೆ ಎಫ್‌ಸಿ ಗೋವಾಕ್ಕೂ ಭಾರತ ತಂಡಕ್ಕೂ ಕೋಚ್ ಆಗಿದ್ದರು. ಗೋವಾ ಲೀಗಿನಲ್ಲಿ ಎರಡನೆಯ ಸ್ಥಾನ ಗಳಿಸಿತು, ಸೂಪರ್ ಕಪ್ ಗೆದ್ದಿತು. ಭಾರತ ತಂಡ ಎಂಟು ಪಂದ್ಯಗಳಲ್ಲಿ ಗೆದ್ದದ್ದು ಒಂದೇ ಒಂದು. ಅದೇ ತಲೆ, ಅದೇ ವಿದ್ಯೆ, ಅದೇ ತಿಂಗಳುಗಳು. ಕೋಚ್‌ನ ಸಾಮರ್ಥ್ಯ ಅವನು ಊರಿಂದೂರಿಗೆ ಹೊತ್ತು ತಿರುಗುವ ಗಂಟಾಗಿದ್ದರೆ ಒಂದೇ ಹೊತ್ತಿನಲ್ಲಿ ಒಂದು ಕಡೆ ತುಂಬಿ, ಇನ್ನೊಂದು ಕಡೆ ಬರಿದಾಗಲು ಸಾಧ್ಯವೇ ಇರಲಿಲ್ಲ.

ಹಾಗಾದರೆ ಸಾಮರ್ಥ್ಯವೆಂಬುದೇ ಇಲ್ಲವೇ, ಎಲ್ಲ ಕೋಚ್‌ಗಳೂ ಒಂದೇ ಏನು? ಇದು ಎರಡನೆಯ ಆಕ್ಷೇಪ, ಮೊದಲಿನದಕ್ಕಿಂತ ಗಟ್ಟಿಯಾದದ್ದು. ಸಾಮರ್ಥ್ಯ ಖಂಡಿತ ಇದೆ, ಅದನ್ನು ತಿಳಿಯುವ ದಾರಿಯೂ ಇದೆ. ನಮ್ಮ ತರ್ಕಶಾಸ್ತ್ರ ಅದನ್ನು ಅನ್ವಯ-ವ್ಯತಿರೇಕ ಎಂದು ಕರೆದಿದೆ: ಇದು ಇದ್ದಾಗ ಅದು ಇರುತ್ತದೆ, ಇದು ಇಲ್ಲದಾಗ ಅದೂ ಇರುವುದಿಲ್ಲ ಎಂದು ಎರಡೂ ಕಡೆಯಿಂದ ಕಂಡರೆ ಮಾತ್ರ ಕಾರಣವನ್ನು ಗುರುತಿಸಬಹುದು. ಕೋಚ್ ಒಬ್ಬ ಕ್ಲಬ್ ಬದಲಿಸಿದಾಗ ಬದಲಾಗುವುದು ಅವನ ವಿಳಾಸ ಮಾತ್ರವಲ್ಲ. ಆಟಗಾರರು, ಹಣ, ಆಡಳಿತ, ಎದುರಾಳಿಗಳು ಎಲ್ಲವೂ ಒಟ್ಟಿಗೆ ಬದಲಾಗುತ್ತವೆ. ಹಾಗಾಗಿ ಒಂದು ಹೊಸ ಕ್ಲಬ್ಬಿನ ಒಂದು ಸಾಲಿನ ಫಲಿತಾಂಶದಿಂದ ವ್ಯತಿರೇಕ ಸಿದ್ಧವಾಗುವುದಿಲ್ಲ. ಬೆಂಗಳೂರು ಎಫ್‌ಸಿಯ ಮೊದಲ ಕೋಚ್ ಆಶ್ಲೆ ವೆಸ್ಟ್‌ವುಡ್ ಅವರನ್ನೇ ನೋಡಿ. ಹೊಸ ಕ್ಲಬ್ಬಿಗೆ ಮೊದಲ ಸಾಲಿನಲ್ಲೇ 2014ರ ಐ-ಲೀಗ್, ಮತ್ತೆ 2016ರ ಐ-ಲೀಗ್ ಗೆದ್ದುಕೊಟ್ಟರು. ಮಲೇಷ್ಯಾದ ಪೆನಾಂಗ್‌ನಲ್ಲಿ ಅವರ ಕೆಲಸ ಕೈಗೂಡಲಿಲ್ಲ. ಅಲ್ಲಿಗೇ ಲೆಕ್ಕ ಮುಗಿಸಿದ್ದರೆ ಬೆಂಗಳೂರಿನ ಗೆಲುವೆಲ್ಲ ಸುನಿಲ್ ಛೆಟ್ರಿಯ ಕಾಲಿನದು ಎಂದುಬಿಡಬಹುದಿತ್ತು. ಆದರೆ 2024ರ ಮಾರ್ಚ್‌ನಲ್ಲಿ ಗುವಾಹಟಿಯಲ್ಲಿ ಅವರ ಅಫ್ಗಾನಿಸ್ತಾನ ತಂಡ ಛೆಟ್ರಿ ಗೋಲು ಹೊಡೆದ ಪಂದ್ಯದಲ್ಲೇ ಭಾರತವನ್ನು 2-1ರಿಂದ ಸೋಲಿಸಿತು. 2025ರ ಜೂನ್‌ನಲ್ಲಿ ಅವರ ಹಾಂಗ್‌ಕಾಂಗ್ ತಂಡ ಭಾರತವನ್ನು 1-0ರಿಂದ ಸೋಲಿಸಿತು. ಬೇರೆಬೇರೆ ನೆಲೆ, ಬೇರೆಬೇರೆ ಕರಣಗಳಿದ್ದಾಗಲೂ ಮತ್ತೆ ಮತ್ತೆ ಕಾಣುವ ಗುಣವೊಂದಿದ್ದರೆ ಅದನ್ನು ಕರ್ತೃವಿನದು ಎನ್ನಲು ಆಧಾರ ಸಿಗುತ್ತದೆ. ಅದಕ್ಕೆ ವರ್ಷಗಳು ಬೇಕು, ಹಲವು ಊರುಗಳು ಬೇಕು, ನೋಡುವವನಿಗೆ ತಾಳ್ಮೆ ಬೇಕು.

ಈ ತಾಳ್ಮೆಯನ್ನು ಶ್ರೀನಿವಾಸಪುರದ ಮಾವಿನ ಬೆಳೆಗಾರರಿಂದ ಕಲಿಯಬಹುದು. ಮಾವು ಒಂದು ವರ್ಷ ಕೊಂಬೆ ಬಾಗುವಷ್ಟು ಕಾಯಿ ಬಿಟ್ಟರೆ ಮರುವರ್ಷ ಇಳುವರಿ ಇಳಿಸುವುದು ಅದರ ಎಷ್ಟೋ ತಳಿಗಳ ಸ್ವಭಾವ. ತುಂಬಿದ ವರ್ಷದ ಫಸಲನ್ನು ಕಂಡು ಮರಕ್ಕೆ ಬೆಲೆ ಕಟ್ಟಿ, ಇಳಿದ ವರ್ಷ ಕೊಡಲಿ ಎತ್ತಿದ್ದರೆ ಆ ತಾಲ್ಲೂಕಿನಲ್ಲಿ ಇಂದು ತೋಪುಗಳೇ ಇರುತ್ತಿರಲಿಲ್ಲ. ಫುಟ್‌ಬಾಲ್ ಕ್ಲಬ್‌ಗಳು ಮಾಡುವುದು ಮಾತ್ರ ಬಹುಮಟ್ಟಿಗೆ ಅದನ್ನೇ. ನೆದರ್‌ಲೆಂಡ್ಸ್‌ನ ಲೀಗಿನಲ್ಲಿ 1986ರಿಂದ 2004ರವರೆಗೆ ನಡೆದ ಕೋಚ್ ಬದಲಾವಣೆಗಳನ್ನು ಅರ್ಥಶಾಸ್ತ್ರಜ್ಞ ಬಾಸ್ ಟರ್ ವೀಲ್ ಪರಿಶೀಲಿಸಿದಾಗ ಕಂಡದ್ದು ಇಷ್ಟು: ಸೋಲಿನ ಸಾಲು ಬಿದ್ದಾಗ ಕೋಚ್‌ನನ್ನು ತೆಗೆದ ತಂಡಗಳು ಚೇತರಿಸಿಕೊಂಡವು, ಅಂಥದೇ ಸೋಲು ಕಂಡು ಕೋಚ್‌ನನ್ನು ಉಳಿಸಿಕೊಂಡ ತಂಡಗಳೂ ಹಾಗೆಯೇ ಚೇತರಿಸಿಕೊಂಡವು. ಇಳಿದದ್ದು ಏರುವ ಕಾಲ ಬಂದಾಗ ಏರಿತು, ಯಶಸ್ಸು ಮಾತ್ರ ಹೊಸಬನ ಹೆಸರಿಗೆ ಬಿತ್ತು.

ಮೂರನೆಯ ಆಕ್ಷೇಪ ನೀತಿಯ ಕಡೆಯಿಂದ ಬರುತ್ತದೆ. ಐದು ಕಾರಣಗಳ ಮಾತನ್ನು ಒಪ್ಪಿದರೆ ಪ್ರತಿ ಸೋಲಿಗೂ ದೈವವನ್ನು ತೋರಿಸಿ ನುಣುಚಿಕೊಳ್ಳಬಹುದಲ್ಲ, ಹೊಣೆ ಹೊರುವವರು ಯಾರು ಎಂಬ ಪ್ರಶ್ನೆ ಅದು. ಆದರೆ ಐದು ಕಾರಣಗಳಲ್ಲಿ ಕರ್ತೃವೂ ಒಂದು. ಗೀತೆ ಅವನನ್ನು ಪಟ್ಟಿಯಿಂದ ತೆಗೆದಿಲ್ಲ, ಅವನಿಗೆ ಅವನ ಪಾಲನ್ನಷ್ಟೇ ಕೊಟ್ಟಿದೆ. ಆ ಪಾಲಿನ ಮಟ್ಟಿಗೆ ಅವನು ಪೂರ್ತಿ ಹೊಣೆಗಾರ. 2020-21ರ ಸಾಲಿನಲ್ಲಿ ಕೋವಿಡ್‌ನಿಂದಾಗಿ ಲೀಗ್ ಪೂರ್ತಿ ಗೋವಾದಲ್ಲಿ, ಪ್ರೇಕ್ಷಕರಿಲ್ಲದೆ ನಡೆಯಿತು. ಅದು ಕ್ವಾದ್ರತ್ ಅವರ ತಪ್ಪಲ್ಲ. ಚಾಂಪಿಯನ್ ತಂಡದ ಮುಂಚೂಣಿಯಲ್ಲಿದ್ದ ಮಿಕು 2019ರಲ್ಲೇ ಕ್ಲಬ್ ಬಿಟ್ಟಿದ್ದರು. ಆದರೆ ಇದ್ದ ಆಟಗಾರರಲ್ಲಿ ಯಾರನ್ನು ಇಳಿಸಿದರು, ಎಳೆಯರಿಗೆ ಎಷ್ಟು ಅವಕಾಶ ಕೊಟ್ಟರು, ಎದುರಾಳಿಗಳು ತಮ್ಮ ತಂತ್ರವನ್ನು ಓದಿಕೊಂಡ ಮೇಲೆ ಅದನ್ನು ಬದಲಿಸಿದರೇ ಎಂಬ ಪ್ರಶ್ನೆಗಳಿಗೆ ಅವರೇ ಉತ್ತರಿಸಬೇಕು. ಕೈಯಲ್ಲಿದ್ದ ಆಯ್ಕೆಗಳ ನಡುವೆ ಏನನ್ನು ಆರಿಸಿದ ಎಂಬುದರಿಂದ ಮನುಷ್ಯನನ್ನು ಅಳೆಯಬೇಕು. ಫಲದಿಂದ ಅಳೆಯುವವನಿಗೆ ಅಂಕಪಟ್ಟಿ ಸಾಕು. ಆಯ್ಕೆಯಿಂದ ಅಳೆಯುವವನು ಆಟವನ್ನೇ ನೋಡಬೇಕಾಗುತ್ತದೆ. ಎರಡನೆಯದು ಹೊಣೆಯಿಂದ ಪಾರಾಗುವ ದಾರಿಯಲ್ಲ, ಅದಕ್ಕಿಂತ ಕಠಿಣವಾದ ಪರೀಕ್ಷೆ.

ಅಭಿಮಾನಿ ನ್ಯಾಯಾಧೀಶನಲ್ಲ, ಅವನ ಪ್ರೀತಿ ಕೋಪಗಳಿಗೆ ಇಷ್ಟು ಲೆಕ್ಕಾಚಾರ ಬೇಕೇ ಎಂದೂ ಕೇಳಬಹುದು. ಪ್ರೀತಿಗೆ ಲೆಕ್ಕ ಬೇಡ ನಿಜ, ಆದರೆ ತೀರ್ಪಿಗೆ ಬೇಕು. ಸೋತ ರಾತ್ರಿ ಸಂಕಟಪಡುವುದು ಅಭಿಮಾನಿಯ ಹಕ್ಕು. ಆದರೆ ಕೋಚ್‌ಗೆ ಎಂದೂ ಏನೂ ಗೊತ್ತಿರಲಿಲ್ಲ ಎನ್ನುವುದು ಒಬ್ಬ ಮನುಷ್ಯನ ಮೇಲೆ ಹೊರಿಸುವ ಆರೋಪ. ಆಟದಲ್ಲಿ ರೂಢಿಯಾದ ಈ ಅಭ್ಯಾಸ ಆಟದಲ್ಲೇ ನಿಲ್ಲುವುದಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಯಾವ ತಾಲ್ಲೂಕೇ ಇರಲಿ, ಒಂದು ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಏರಿಸಿದ ಮುಖ್ಯೋಪಾಧ್ಯಾಯರು ವರ್ಗವಾಗಿ ಹೋದ ಶಾಲೆಯಲ್ಲಿ ಅದು ಏರದಿದ್ದರೆ ಅವರ ಹಳೆಯ ಕೆಲಸಕ್ಕೂ ಮಸಿ ಬಳಿಯುವುದಕ್ಕೆ ನಾವು ಹಿಂಜರಿಯುವುದಿಲ್ಲ. ಮಾಲೂರು ತಾಲ್ಲೂಕಿನ ಮಾಸ್ತಿಯವರು 'ಚಿಕವೀರ ರಾಜೇಂದ್ರ'ದಲ್ಲಿ ಕೊಡಗಿನ ಕೊನೆಯ ದೊರೆಯ ಪತನವನ್ನು ಹೇಳುವಾಗ ದೊರೆಯ ದುರ್ಗುಣಗಳನ್ನು ಮುಚ್ಚಿಡಲಿಲ್ಲ. ಹಾಗೆಂದು ಎಲ್ಲವನ್ನೂ ಅವನೊಬ್ಬನ ತಲೆಗೆ ಕಟ್ಟಲೂ ಇಲ್ಲ; ಮಂತ್ರಿಗಳು, ಬಂಟ, ಇಂಗ್ಲಿಷರು ಎಲ್ಲರ ಪಾಲನ್ನೂ ತೂಗಿ ಇಟ್ಟರು. ಕೆಟ್ಟ ದೊರೆಗೇ ಸಲ್ಲುವ ಈ ನ್ಯಾಯ ಸೋತ ಕೋಚ್‌ಗೂ ಸಲ್ಲಬೇಕು.

ಆದ್ದರಿಂದ ಹಳೆಯ ಕೋಚ್‌ನ ಮರುಮೌಲ್ಯಮಾಪನದಲ್ಲಿ ಎರಡು ಬೇರೆ ಕೆಲಸಗಳಿವೆ, ಅವನ್ನು ಕಲೆಸಬಾರದು. ಒಂದು, ಸಾಮರ್ಥ್ಯದ ಅಂದಾಜು. ಅದು ಹೊಸ ಸಾಕ್ಷ್ಯ ಬಂದಂತೆ ತಿದ್ದಿಕೊಳ್ಳಬೇಕಾದದ್ದೇ. ಆದರೆ ಐದು ಕಾರಣಗಳಲ್ಲಿ ಒಂದರ ಪಾಲನ್ನು ಮಾತ್ರ ಅಳೆಯುತ್ತಿದ್ದೇವೆ ಎಂಬ ಎಚ್ಚರದಲ್ಲಿ, ಸ್ವಲ್ಪಸ್ವಲ್ಪವಾಗಿ. ಇನ್ನೊಂದು, ಮಾಡಿದ ಕೆಲಸಕ್ಕೆ ನಾವು ತೀರಿಸಬೇಕಾದ ಋಣ. ಅದನ್ನು ಮುಂದಿನ ಯಾವ ಸೋಲೂ ಕಡಿಮೆ ಮಾಡಲಾರದು, ಮುಂದಿನ ಯಾವ ಗೆಲುವೂ ಹೆಚ್ಚಿಸಲಾರದು. ಕೋಲ್ಕತ್ತದಲ್ಲಿ ಕ್ವಾದ್ರತ್ ಗೆದ್ದದ್ದರಿಂದ ಬೆಂಗಳೂರು 2021ರಲ್ಲಿ ತಪ್ಪು ಮಾಡಿತೆಂದು ಸಿದ್ಧವಾಗುವುದಿಲ್ಲ. ಅಲ್ಲಿ ಸೋತದ್ದರಿಂದ ಸರಿ ಮಾಡಿತೆಂದೂ ಸಿದ್ಧವಾಗುವುದಿಲ್ಲ. ಅಂದು ಕ್ಲಬ್ಬಿಗೆ ಗೊತ್ತಿದ್ದ ಸಂಗತಿಗಳ ಮೇಲೆ ಅಂದಿನ ನಿರ್ಧಾರವನ್ನು ತೂಗಬೇಕು. ಗೆದ್ದವನಿಗೆ ಎಲ್ಲವನ್ನೂ ಕೊಟ್ಟುಬಿಡುವ ಸಮಾಜ ಸೋತವನಿಂದ ಎಲ್ಲವನ್ನೂ ಕಿತ್ತುಕೊಳ್ಳಲು ಸಿದ್ಧವಾಗಿಯೇ ಇರುತ್ತದೆ. ಫಲವನ್ನು ಅದರ ಐದೂ ಪಾಲುದಾರರಿಗೆ ಹಂಚಿ ನೋಡಲು ಕಲಿತವರು ಮಾತ್ರ ಹೊಗಳುವಾಗಲೂ ತೆಗಳುವಾಗಲೂ ನ್ಯಾಯವಾಗಿ ನಡೆದುಕೊಳ್ಳಬಲ್ಲರು.