ಹೂವಿನ ಪೊಟ್ಟಣವೂ ನಾಳೆಯ ಚಿಂತೆಯೂ

ನಾಳೆ ಏನಾಗುವುದೋ ತಿಳಿಯದಾದಾಗ ದೇವರ ಕೈಹಿಡಿದು ನಡೆಯಬೇಕೆಂದು ಹಿರಿಯರು ಹೇಳುತ್ತಾರೆ. ಆ ಮಾತನ್ನು ನಾವು ಅಲ್ಲಗಳೆಯುವವರಲ್ಲ. ಆದರೆ ಕೈಹಿಡಿದವನು ಎಲ್ಲಿಗೆ ಕರೆದೊಯ್ಯುವನೆಂದು ಮೊದಲೇ ಕೇಳಿ ತಿಳಿದು ಹೊರಡುವುದು ನಂಬಿಕೆಯೋ ವ್ಯಾಪಾರವೋ ಎಂಬುದು ನಮ್ಮನ್ನು ಬಹುಕಾಲದಿಂದ ಕಾಡಿದ ಪ್ರಶ್ನೆ.

ಕಂಬಂ ಕಣಿವೆಯ ಕಪ್ಪಿಲಿಯರಾದ ನಮ್ಮ ಪೂರ್ವಿಕರು ತುಂಗಭದ್ರೆಯ ದಡದಿಂದ ತೆಂಕಣಕ್ಕೆ ಬಂದರೆಂಬುದು ಮನೆಮನೆಯ ಕಥೆ. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನರ ಗ್ರಂಥದಲ್ಲಿಯೂ ಅದು ದಾಖಲಾಗಿದೆ. ಕಂಬದಲ್ಲಿರುವ ‘ದೇವರು ಆವು’ ಎಂಬ ಪವಿತ್ರ ಮಂದೆಯ ವಿಚಾರವೂ ಅಲ್ಲಿದೆ. ಇಂದು ಸುತ್ತಣ ತಮಿಳರೂ ನಂದಗೋಪಾಲ ಸ್ವಾಮಿಯ ತೊಳುವಿಗೆ, ಅಂದರೆ ದೊಡ್ಡಿಗೆ, ಮಾಟ್ಟುಪೊಂಗಲಿನಂದು ಬಂದು ಕೈಮುಗಿಯುತ್ತಾರೆ. ಮಂದೆಗೊಂದು ಪಟ್ಟದ ಹೋರಿ ಉಂಟು. ಅದು ತೀರಿಕೊಂಡರೆ ಮುಂದಿನದನ್ನು ಆರಿಸುವವರು ಮನುಷ್ಯರಲ್ಲ. ಪೂಜೆ ಸಲ್ಲಿಸಿ ಮಂದೆಯ ಮುಂದೆ ಕಬ್ಬನ್ನು ಇಡುತ್ತಾರೆ. ಯಾವ ಹೋರಿ ಬಂದು ತಿನ್ನುವುದೋ ಅದಕ್ಕೇ ಪಟ್ಟ. ಶಾಲೆಯಲ್ಲಿ ವಿಜ್ಞಾನ ಪಾಠ ಹೇಳುತ್ತಿದ್ದ ದಿನಗಳಲ್ಲಿ ಇದನ್ನು ಕಂಡು ನಾವು ಒಳಗೊಳಗೇ ನಕ್ಕದ್ದುಂಟು. ವಯಸ್ಸಾದಂತೆ ಬೇರೊಂದು ಸಂಗತಿ ಕಣ್ಣಿಗೆ ಬಿತ್ತು. ಹೋರಿ ಕಬ್ಬು ತಿಂದಿತೆಂದ ಮಾತ್ರಕ್ಕೆ ಆ ವರ್ಷ ಮಳೆಯಾಗುವುದೆಂದಾಗಲಿ, ದನಗಳಿಗೆ ರೋಗ ಬಾರದೆಂದಾಗಲಿ ಯಾರೂ ಹೇಳುವುದಿಲ್ಲ. ಮುಂದೆ ನಡೆಯುವವರು ಯಾರೆಂಬುದಷ್ಟೇ ತೀರ್ಮಾನವಾಗುತ್ತದೆ. ದಾರಿ ಎಂದಿನಂತೆ ಕಾಣದೆಯೇ ಇರುತ್ತದೆ.

ಇದನ್ನು ನಮಗೆ ಕಲಿಸಿದವರು ಥರ್ಸ್ಟನ್ನರಲ್ಲ, ನಮ್ಮ ಅವ್ವ. ಎಂಬತ್ತರ ದಶಕದಲ್ಲಿ ಕಣಿವೆಯಲ್ಲೆಲ್ಲ ದ್ರಾಕ್ಷಿ ಚಪ್ಪರಗಳು ಏಳುತ್ತಿದ್ದಾಗ ನಮಗೂ ಆಸೆಯಾಯಿತು. ಬಾವಿ ತೋಡಿಸುವುದೋ ಬೇಡವೋ ಎಂದು ಗುಡಿಯಲ್ಲಿ ಹೂ ಕೇಳಿದೆವು. ಬಿಳಿಯ ಹೂವೊಂದು, ಕೆಂಪು ಹೂವೊಂದು, ಎಲೆಯಲ್ಲಿ ಸುತ್ತಿದ ಎರಡು ಪೊಟ್ಟಣ. ಎತ್ತಿದವಳು ಪಕ್ಕದ ಮನೆಯ ಎಳೆಯ ಹುಡುಗಿ. ಬಿಳಿ ಬಂದಿತು. ಸಾಲ ತಂದು ತೋಡಿಸಿದೆವು. ಬಂಡೆಯ ಮೇಲೆ ಬಂಡೆ ಸಿಕ್ಕಿತೇ ಹೊರತು ನೀರಿನ ಪಸೆಯೂ ಕಾಣಲಿಲ್ಲ. ಹನ್ನೊಂದು ವರ್ಷ ಸಂಬಳದಲ್ಲಿ ಕಂತು ಕಟ್ಟಿದೆವು. ದೇವರು ನಮಗೆ ಮೋಸ ಮಾಡಿದನೆಂದು ಒಂದು ರಾತ್ರಿ ಅವ್ವನ ಮುಂದೆ ಕೂಗಾಡಿದೆವು. ಆಕೆ ರಾಗಿ ಕೇರುತ್ತಿದ್ದವಳು ಮೊರ ಕೆಳಗಿಡದೆಯೇ ಹೇಳಿದಳು: “ತೋಡು ಅಂದ. ನೀರು ಬತ್ತದೆ ಅಂದ್ನಾ?”

ಆ ಮಾತಿನಿಂದ ಸಾಲವೇನೂ ಇಳಿಯಲಿಲ್ಲ. ನಿಜ ಹೇಳಬೇಕೆಂದರೆ ಆಗ ನಮಗೆ ಸಿಟ್ಟೇ ಹೆಚ್ಚಿತು. ದೈವದ ನಿರ್ದೇಶನವನ್ನು ನಾವು ಭವಿಷ್ಯವಾಣಿಯೆಂದು ತಿಳಿದಿದ್ದೆವೆಂಬುದು ಹೊಳೆಯಲು ಬಹಳ ವರ್ಷಗಳೇ ಬೇಕಾದವು.

ಬೆಟ್ಟದ ನೆತ್ತಿಯ ಮರವನ್ನು ಸಾಕುವವನು ನಮ್ಮನ್ನೂ ಸಾಕುವನೆಂಬ ಭಾವ ಕನಕದಾಸರ ಕೀರ್ತನೆಯೊಂದರಲ್ಲಿದೆ. ಅದನ್ನು ಕೇಳಿ ಕೈಕಟ್ಟಿ ಕೂರಬಹುದೆಂದು ಭಾವಿಸುವವರು ನಮ್ಮ ಕಣಿವೆಯ ಗದ್ದೆಗಳನ್ನು ನೋಡಬೇಕು. ಪಡುವಣ ಕಡಲಿಗೆ ಹರಿಯುತ್ತಿದ್ದ ಪೆರಿಯಾರಿನ ನೀರು ಬೆಟ್ಟವನ್ನು ಕೊರೆದ ಸುರಂಗದ ಮೂಲಕ ನಮ್ಮತ್ತ ತಿರುಗಿದ್ದು 1895ರಲ್ಲಿ. ಪೆನ್ನಿಕ್ವಿಕ್ಕರ ಆರಂಭದ ಕಟ್ಟಡಗಳನ್ನು ಪ್ರವಾಹ ಕೊಚ್ಚಿಕೊಂಡು ಹೋಯಿತು. ಕಾಡಿನ ಜ್ವರಕ್ಕೆ ಎಷ್ಟೋ ಕೂಲಿಗಳು ಬಲಿಯಾದರು. ಸತ್ತವರಲ್ಲಿ ದೇವರನ್ನು ನಂಬಿದವರು ಇರಲಿಲ್ಲವೇ? ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿಲ್ಲ. ಆ ನೀರಿನಿಂದ ಬೆಳೆದ ಅನ್ನವನ್ನು ಉಣ್ಣುವಾಗ ಅವರನ್ನು ನೆನೆಯದಿರುವುದು ತಪ್ಪೆಂದು ಮಾತ್ರ ತೋರುತ್ತದೆ. ಇಂದಿಗೂ ಜೂನ್ 1ರಂದು ಮೊದಲ ಬೆಳೆಗೆ ನೀರು ಬಿಡುವುದು ವಾಡಿಕೆ. ಅಣೆಕಟ್ಟೆಯಲ್ಲಿ ನೀರು ಸಾಲದ ವರ್ಷ ಆ ದಿನ ಮುಂದಕ್ಕೆ ಹೋಗುತ್ತದೆ. ಒಕ್ಕಲಿಗನು ಆಕಾಶವನ್ನೂ ನೋಡುತ್ತಾನೆ, ಬದುವನ್ನೂ ಕಟ್ಟುತ್ತಾನೆ.

ಈಗ ನಮ್ಮ ಮುಂದಿರುವ ನಾಳೆ ಬಾವಿಗಿಂತ ಆಳವಾದದ್ದು. 2021ರಲ್ಲಿ ಶ್ರೀವಿಲ್ಲಿಪುತ್ತೂರು–ಮೇಘಮಲೆ ಹುಲಿ ರಕ್ಷಿತಾರಣ್ಯ ಘೋಷಿತವಾಯಿತು. ಮರುವರ್ಷ ಇಂತಹ ಅರಣ್ಯಗಳಲ್ಲಿ ದನ ಮೇಯಿಸುವುದನ್ನು ಉಚ್ಚ ನ್ಯಾಯಾಲಯ ನಿಷೇಧಿಸಿತು. ಹುಲಿಗೂ ಬದುಕುವ ಹಕ್ಕುಂಟು, ಒಪ್ಪೋಣ. ಮಲೆಯ ದನಗಳು ಎಲ್ಲಿ ಮೇಯಬೇಕು? ಮನೆಮಾತಿನ ಗತಿಯೂ ಹಾಗೆಯೇ. ನಾವು ಕಲಿತದ್ದೂ ಕಲಿಸಿದ್ದೂ ತಮಿಳಿನಲ್ಲಿ. ಕನ್ನಡದ ಅಕ್ಷರವನ್ನು ತಿದ್ದಿದ್ದು ಇಪ್ಪತ್ತು ದಾಟಿದ ಮೇಲೆ, ಹೊಸೂರಿನ ಗೆಳೆಯರೊಬ್ಬರಿಂದ. ಮೊಮ್ಮಕ್ಕಳು ಈ ಮಾತನ್ನು ಉಳಿಸಿಕೊಳ್ಳುವರೇ ಎಂದರೆ, ಎಲ್ಲವೂ ದೇವರ ಚಿತ್ತವೆಂದು ಬಂಧುಗಳು ನಿಟ್ಟುಸಿರಿಡುತ್ತಾರೆ. ಮರುಗಳಿಗೆ ಮಗುವನ್ನು ತಮಿಳಿನಲ್ಲಿ ಊಟಕ್ಕೆ ಕರೆಯುತ್ತಾರೆ. ಕಬ್ಬನ್ನೇ ಇಡದೆ ಹೋರಿ ಬರಲಿಲ್ಲವೆಂದು ದೂರುವುದು ಇದು.

ಕಳೆದ ಮಾಟ್ಟುಪೊಂಗಲಿಗೆ ತಿರುಪ್ಪೂರಿನಿಂದ ಬಂದಿದ್ದ ಮೊಮ್ಮಗಳನ್ನು ತೊಳುವಿಗೆ ಕರೆದೊಯ್ದೆವು. ಕೈಗೆ ಕಬ್ಬಿನ ತುಂಡು ಕೊಟ್ಟೆವು. ದನ ಇದನ್ನು ತಿನ್ನುತ್ತದೆಯೇ ಎಂದು ಅವಳು ತಮಿಳಿನಲ್ಲಿ ಕೇಳಿದಳು. “ಗೊತ್ತಿಲ್ಲ ಕಣವ್ವ, ನೀಡು” ಎಂದೆವು. ತಿನ್ನದಿದ್ದರೆ ಎಂದಳು, ಈ ಸಲ ನಮ್ಮ ಮಾತಿನಲ್ಲಿಯೇ, ತಡವರಿಸುತ್ತ. ಚೀಲದಲ್ಲಿ ಇನ್ನೊಂದು ತುಂಡು ಇದೆಯೆಂದು ತೋರಿಸಿದೆವು.